ಆರು ಮಗ್ಗ ಗುಜರಿಗೆ ಹಾಕಿ ರೇಪಿಯರ್ ತರಬೇಕಾ? ದೊಡ್ಡಬಳ್ಳಾಪುರದಿಂದ ಒಂದು ಪ್ರಶ್ನೆ

ಮಗ್ಗದ_ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ದೊಡ್ಡಬಳ್ಳಾಪುರ, ಮನೆ ಹಿಂದಿನ ಶೆಡ್‌ನಲ್ಲಿ ಆರು ಪವರ್‌ಲೂಮ್. ನಾಲ್ಕನ್ನ ನಾನು, ನಮ್ಮ ಮನೆಯವರು ನೋಡ್ಕೋತೀವಿ. ಉಳಿದೆರಡಕ್ಕೆ ಒಬ್ಬ ಹುಡುಗ ಇದ್ದ, ದೇವನಹಳ್ಳಿ ಕಡೆ ಗೋದಾಮಿನ ಕೆಲಸಕ್ಕೆ ಹೋದ. ಆ ಎರಡು ಮಗ್ಗ ಈಗ ನಿಂತಿವೆ.

ನೇಯೋದು ಆರ್ಟ್ ಸಿಲ್ಕ್, ಅಂದ್ರೆ ಕೃತಕ ರೇಷ್ಮೆ ಸೀರೆ. ನೂಲು ಸಾವ್ಕಾರ್ರು ಕೊಡ್ತಾರೆ, ನಮಗೆ ಸೀರೆ ಲೆಕ್ಕದಲ್ಲಿ ಕೂಲಿ. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡಿದಾಗ ಸ್ವಂತ ನೂಲು ತಂದು ಸ್ವಂತ ಡಿಸೈನ್ ಹಾಕಿದ್ದೂ ಉಂಟು. ಹೊಸ ಬುಟ್ಟಾ ಹಾಕಿ ಚಿಕ್ಕಪೇಟೆಗೆ ಕಳಿಸಿದ್ರೆ ಯಾರೋ ಫೋಟೋ ತೆಗೆದು ವಾಟ್ಸಾಪ್ ಮಾಡ್ತಾರೆ, ನಮ್ಮ ಎರಡನೇ ಹಾಸು (ಉದ್ದದ ಎಳೆ) ಬೀಮಿಗೆ ಏರೋ ಹೊತ್ತಿಗೆ ಅದೇ ಡಿಸೈನ್ ಸೂರತ್‌ನಿಂದ ಬಂದು ಕೂತಿರುತ್ತೆ. ರೇಟು ಕೇಳಿದ್ರೆ ನಮ್ಮ ನೂಲಿನ ಖರ್ಚೂ ಹುಟ್ಟಲ್ಲ.

ಸಾವ್ಕಾರ್ರು ಹೇಳೋದು, "ಇವನ್ನೆಲ್ಲ ಗುಜರಿಗೆ ಹಾಕಿ ಎರಡು ರೇಪಿಯರ್ ತನ್ನಿ, ಮಾಲು ನಾವು ತಗೋತೀವಿ." ರೇಪಿಯರ್ ಅಂದ್ರೆ ಲಾಳಿ ಇಲ್ಲದೆ ಜೋರಾಗಿ ನೇಯೋ ಮಗ್ಗ. ಬ್ಯಾಂಕಿನವರು ಮನೆ ಪತ್ರ ಇಟ್ರೆ ಸಾಲ ಕೊಡ್ತಾರಂತೆ. ಡಿಪ್ಲೊಮಾ ಓದ್ತಿರೋ ಮಗಳು ಎಲ್ಲಾ ಮಾರಿಬಿಡಿ ಅಂತಾಳೆ. ನನಗೆ 47. ರೇಪಿಯರ್ ಹಾಕ್ಸಿರೋರು ಯಾರಾದ್ರೂ ಇದ್ರೆ ಇದ್ದದ್ದು ಇದ್ದಂಗೆ ಹೇಳಿ. ಕಂತು ಕಟ್ಟಿ ಊಟಕ್ಕೆ ಉಳಿಯುತ್ತಾ?

ಬನಹಟ್ಟಿ_ಹುಡುಗ
ಅಣ್ಣಾರ, ನಮ್ಮ ರಬಕವಿ-ಬನಹಟ್ಟಿ ಕಡೀನೂ ಇದ ಕಥಿ ಐತ್ರಿ. ನಮ್ಮ ಸ್ವಾದರಮಾವ ಎರಡು ರೇಪಿಯರ್ ಕುಂದರಿಸಿದ. ಮೊದಲನೇ ವರ್ಷ ಚಲೋ ಇತ್ತು, ಊರ ಮಂದಿಯೆಲ್ಲ ನೋಡಾಕ ಬರ್ತಿದ್ರು. ಆಮ್ಯಾಲ ಮತ್ತ ನಾಕು ಮಂದಿ ಹಾಕಿಸಿದ್ರು ನೋಡ್ರಿ, ಸಾವ್ಕಾರ "ಈಗ ನಿಮ್ಮ ಮಗ್ಗ ಭಾಳ ಜೋರ ಓಡ್ತಾವಲ್ಲ" ಅಂತ ಮೀಟರಿನ ಕೂಲಿ ಇಳಿಸಿದ. ಮಾಲು ಎರಡು ಪಟ್ಟು ತೆಗೀತಾನ, ಕೈಗೆ ಬರೂ ರೊಕ್ಕ ಅಷ್ಟ. ಬ್ಯಾಂಕಿನ ಕಂತು ಮಾತ್ರ ಇಳೀಲಿಲ್ಲ.

ಕೋಡ್_ಕೆಂಚ
ಸರ್, ಮಧ್ಯದ ವ್ಯಾಪಾರಿಯನ್ನೇ ತೆಗೆದುಹಾಕಿ. ಇನ್‌ಸ್ಟಾಗ್ರಾಂನಲ್ಲಿ ಪೇಜ್ ಮಾಡಿ, "ನೇಕಾರರಿಂದ ನೇರವಾಗಿ" ಅಂತ ಹಾಕಿ. ಡಿಸೈನ್ ಮಾಡೋಕೆ ಈಗ ಎಐ ಇದೆ, ಒಂದು ಸಾಲು ಟೈಪ್ ಮಾಡಿದ್ರೆ ನೂರು ಬುಟ್ಟಾ ಬರುತ್ತೆ. ಕಾಲಕ್ಕೆ ತಕ್ಕಂತೆ ಬದಲಾಗದೆ ಇದ್ರೆ ಯಾರೂ ಕಾಪಾಡೋಕಾಗಲ್ಲ.

ಚಿಕ್ಕಪೇಟೆ_ಚೌಕ
@ಕೋಡ್_ಕೆಂಚ ನೂರು ಬುಟ್ಟಾ ಸೂರತ್‌ನವರಿಗೂ ಬರುತ್ತಲ್ಲ ಗುರು.

ಮಗ್ಗದ_ಮನೆ
@ಕೋಡ್_ಕೆಂಚ ಮಗಳು ಪೇಜ್ ಮಾಡಿಕೊಟ್ಟಿದ್ಲು. ಒಂದಷ್ಟು ಸೀರೆ ಹೋದವು ಕೂಡ. ಕಳಿಸಿದ ಮೇಲೆ ಬಣ್ಣ ಬೇರೆ ಅಂತ ವಾಪಸ್, ಕೊರಿಯರ್ ದುಡ್ಡು ನಮ್ಮದೇ. ಫೋನ್ ನೋಡ್ತಾ ಕೂತ್ರೆ ಎಳೆ ಕಿತ್ತಿದ್ದು ಗೊತ್ತಾಗಲ್ಲ, ಇಡೀ ಸೀರೆ ದಂಡ.

ಸೂರತ್_ಕನ್ನಡಿಗ
ನಾನು ಸೂರತ್‌ನಲ್ಲಿ ಮಗ್ಗದ ಮೆಶಿನ್ ಸರ್ವಿಸ್ ಕೆಲಸ ಮಾಡ್ತೀನಿ, ಊರು ಗದಗ. ಇಲ್ಲಿಯ ಲೆಕ್ಕ ಹೇಳ್ತೀನಿ, ಆಮೇಲೆ ನೀವೇ ಯೋಚನೆ ಮಾಡಿ.

ನಿಮ್ಮ ಲಾಳಿ ಮಗ್ಗ ನಿಮಿಷಕ್ಕೆ 120ರಿಂದ 150 ಹೊಕ್ಕು (ಅಡ್ಡ ಎಳೆ) ಹಾಕುತ್ತೆ ಅಂದ್ಕೊಳ್ಳಿ. ರೇಪಿಯರ್‌ನಲ್ಲಿ ಲಾಳಿಯೇ ಇಲ್ಲ, ಲಾಳಿಗೆ ಹಾಕೋ ನೂಲಿನ ಕಂಡಿಕೆ ಸುತ್ತೋ ಕೆಲಸವೂ ಇಲ್ಲ. ಕೋನ್‌ನಿಂದ ನೇರ ನೂಲು ಎಳೆದು 300, 400 ಹೊಕ್ಕು ಹೊಡೆಯುತ್ತೆ. ಸಿಂಥೆಟಿಕ್ ಬಟ್ಟೆಗೆ ಇಲ್ಲಿ ವಾಟರ್‌ಜೆಟ್ ಇದೆ, ನೀರಿನ ಚಿಮ್ಮಿನಲ್ಲೇ ನೂಲು ದಾಟೋದು, ಅದು 600 ದಾಟುತ್ತೆ. ಒಬ್ಬ ಕೆಲಸಗಾರ ಎಂಟು ಹತ್ತು ಮೆಶಿನ್ ನೋಡ್ಕೋತಾನೆ. ಪಾಲಿಯೆಸ್ಟರ್ ತಯಾರಾಗೋದು ಪಕ್ಕದ ಹಜೀರಾದಲ್ಲಿ, ಮಾರೋದು ಇಲ್ಲೇ ರಿಂಗ್ ರೋಡ್ ಮಾರ್ಕೆಟ್‌ನಲ್ಲಿ. ನೂಲು, ನೇಯ್ಗೆ, ಬಣ್ಣ, ಪ್ರಿಂಟು, ಪ್ಯಾಕಿಂಗ್ ಎಲ್ಲಾ ಒಂದೇ ಊರು. ಎರಡು ರೇಪಿಯರ್ ಇಟ್ಕೊಂಡು ಇದರ ಜೊತೆ ರೇಟಿಗೆ ರೇಟು ನಿಲ್ತೀನಿ ಅನ್ನೋದು ಆಗದ ಮಾತು. ನೀವು ಬರೀ ನೇಯ್ಗೆ ವೇಗ ಮಾಡ್ಕೋತೀರಿ, ಉಳಿದ ಖರ್ಚೆಲ್ಲ ಹಾಗೇ ಇರುತ್ತೆ.

ಹಾಗಂತ ಇಲ್ಲಿಯ ಕೆಲಸಗಾರ ಸುಖವಾಗಿದಾನೆ ಅಂದ್ಕೋಬೇಡಿ. ಬಹಳಷ್ಟು ಜನ ಒಡಿಶಾದ ಗಂಜಾಂ ಜಿಲ್ಲೆಯವರು. ಹನ್ನೆರಡು ಗಂಟೆ ಪಾಳಿ. ಕೋಣೆಯಲ್ಲಿ ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು ಮಲಗ್ತಾನೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಕಳಿಸಿ ಅಂತ ಬೀದಿಗಿಳಿದಿದ್ದು ಇವರೇ.

ದಾವಣಗೆರೆ_ಬೆಣ್ಣೆ
ನಮ್ಮೂರನ್ನ ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಈಗ ದಾವಣಗೆರೆ ಅಂದ್ರೆ ಹೊರಗಿನವರಿಗೆ ದೋಸೆ ಒಂದೇ ನೆನಪಾಗೋದು.

ಚಿಕ್ಕಪೇಟೆ_ಚೌಕ
ಮಲ್ಲೇಶ್ವರದಲ್ಲಿ ರಾಜಾ ಮಿಲ್ ಇದ್ದ ಜಾಗದಲ್ಲಿ ಮಾಲ್ ಆಯ್ತು. ಅಲ್ಲಿ ಮಾರೋ ಬಟ್ಟೆಯಲ್ಲಿ ಬೆಂಗಳೂರಲ್ಲಿ ನೇಯ್ದದ್ದು ಎಷ್ಟಿದೆಯೋ ದೇವರೇ ಬಲ್ಲ.

ತಿಂಡಿಪೋತ_ತಿಮ್ಮ
ಬೆಣ್ಣೆ ದೋಸೆಗೆ ಮಂಡಕ್ಕಿ ಹಾಕಿ ರುಬ್ತಾರಲ್ಲ, ಅದು ಮೊದಲಿಂದಲೂ ಹಾಗೇನಾ?

ದಾವಣಗೆರೆ_ಬೆಣ್ಣೆ
ಹೌದು, ನಮ್ಮಜ್ಜಿ ಕಾಲದಿಂದ ಹಂಗೇ. ಅದಕ್ಕೆ ಬೇರೆ ಎಳೆ ತೆಗೀರಿ, ಇಲ್ಲಿ ಯಜಮಾನರು ಮನೆ ಪತ್ರ ಅಡ ಇಡೋ ಮಾತಾಡ್ತಿದಾರೆ.

ಲೆಕ್ಕದ_ಶೆಟ್ಟರು
ತೆರಿಗೆ ಕೆಲಸ ಮಾಡುವವನು ನಾನು, ನೇಕಾರರ ಫೈಲುಗಳೂ ಬರುತ್ತವೆ. ಎರಡು ವಿಷಯ.

ಮೊದಲನೆಯದು ಜಿಎಸ್‌ಟಿ. 2017ರಲ್ಲಿ ಬಂದಾಗ ಸಿಂಥೆಟಿಕ್ ನೂಲಿಗೆ ಹೆಚ್ಚು, ಬಟ್ಟೆಗೆ 5% ಅಂತ ಆಗಿ, ಕಟ್ಟಿದ ತೆರಿಗೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಒಂದು ವರ್ಷ ರಿಫಂಡ್ ಕೂಡ ಇರಲಿಲ್ಲ, 2018ರ ಆಗಸ್ಟ್‌ನಿಂದ ಕೊಟ್ಟರು. 2025ರ ಸೆಪ್ಟೆಂಬರ್ 22ರಿಂದ ಆ ನೂಲಿಗೂ 5% ಆಗಿದೆ. ಸ್ವಂತ ನೂಲು ತರುವವರಿಗೆ ಇದು ನಿಜವಾಗಿ ಅನುಕೂಲ. ಕೂಲಿ ನೇಯುವವರಿಗೆ ಇದರಿಂದ ನೇರವಾಗಿ ಏನೂ ಇಲ್ಲ.

ಎರಡನೆಯದು ಬಾಕಿ. ಉದ್ಯಮ್ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ) ನೋಂದಣಿ ಇರುವ ಅತಿ ಸಣ್ಣ, ಸಣ್ಣ ಘಟಕದಿಂದ ಮಾಲು ತೆಗೆದುಕೊಂಡವರು ಒಪ್ಪಂದ ಬರೆದಿದ್ದರೆ 45 ದಿನದೊಳಗೆ, ಬರೆದಿಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಇದು 2006ರ ಕಾಯ್ದೆಯಲ್ಲೇ ಇದೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಿದ್ದಾರೆ: ಗಡುವು ಮೀರಿದರೆ, ದುಡ್ಡು ಕೊಡುವ ತನಕ ಆ ಖರ್ಚನ್ನು ವ್ಯಾಪಾರಿ ತನ್ನ ಲೆಕ್ಕದಲ್ಲಿ ತೋರಿಸುವ ಹಾಗಿಲ್ಲ. ನಿಮ್ಮ ಸಾವ್ಕಾರರ ಬಾಕಿ ಎಷ್ಟು ದಿನ ನಿಲ್ಲುತ್ತದೆ?

ಮಗ್ಗದ_ಮನೆ
ದಿನ ಅಂದ್ರಾ ಶೆಟ್ರೇ? ಯುಗಾದಿ ಮಾಲಿನ ದುಡ್ಡು ಗೌರಿ ಹಬ್ಬಕ್ಕೆ ಬಂದ್ರೆ ಬೇಗ ಬಂತು ಅಂತೀವಿ. ಉದ್ಯಮ್ ಕಾರ್ಡ್ ಇದೆ, ಬೀರುವಿನಲ್ಲಿ ಭದ್ರವಾಗಿದೆ. ಅದನ್ನ ತೋರಿಸಿ ಬಡ್ಡಿ ಕೇಳಿದ್ರೆ ಮಾರನೇ ದಿನ ನೂಲು ಕೊಡೋರು ಯಾರು?

ಲೆಕ್ಕದ_ಶೆಟ್ಟರು
ಅದೇ ತೊಂದರೆ. ಆ ನಿಯಮ ಬಂದಾಗ ಕೆಲವು ವ್ಯಾಪಾರಿಗಳು ನೋಂದಣಿ ಇಲ್ಲದವರನ್ನೇ ಹುಡುಕಿಕೊಂಡು ಹೋದರು. ಆದರೂ ಹೇಳುತ್ತೇನೆ: "ಮಾಲು ತಗೋತೀವಿ" ಎಂದು ಬಾಯಲ್ಲಿ ಹೇಳಿದ್ದನ್ನು ನಂಬಿ ಮನೆ ಪತ್ರ ಕೊಡಬೇಡಿ. ತಿಂಗಳಿಗೆ ಇಷ್ಟು ಸೀರೆ, ಇಷ್ಟು ಕೂಲಿ, ಇಷ್ಟು ದಿನದಲ್ಲಿ ಹಣ ಎಂದು ಕಾಗದದಲ್ಲಿ ಬರೆದು ಸಹಿ ಹಾಕುತ್ತಾರಾ ಕೇಳಿ. ಸಾಲ ಮುಗಿಯುವವರೆಗೂ ಬೇಡ, ಎರಡು ವರ್ಷಕ್ಕೆ ಸಾಕು. ಹಾಕದಿದ್ದರೆ ಸಾಲ ನಿಮ್ಮದು, ಮಗ್ಗ ಅವರದು ಎಂದು ಅರ್ಥ.

ಬನಹಟ್ಟಿ_ಹುಡುಗ
ಶೆಟ್ರು ಖರೇ ಹೇಳಿದ್ರಿ. ನಮ್ಮ ಮಾವಗ ಈ ಮಾತು ಆವಾಗ ಯಾರೂ ಹೇಳಲಿಲ್ಲ.

ಮುಕ್ತ_ಮಾರುಕಟ್ಟೆ
ಎಲ್ಲಾ ಸಾವ್ಕಾರನ ತಲೆಗೇ ಕಟ್ಟೋದು ಸುಲಭ. ಅವನಿಗೂ ಅಂಗಡಿಗಳು ಆರು ತಿಂಗಳು ಬಾಕಿ ಇಡ್ತವೆ. ಅಗ್ಗದ ಸೀರೆ ಬಂದಿದ್ದಕ್ಕೆ ತಾನೇ ಕೂಲಿ ಮಾಡೋ ಹೆಂಗಸೂ ಹಬ್ಬಕ್ಕೆ ಹೊಸ ಸೀರೆ ಉಡ್ತಿರೋದು? ಅವರ ಲಾಭ ಯಾರೂ ಲೆಕ್ಕ ಹಾಕಲ್ಲ. ಉಚಿತ ಕರೆಂಟು, ಸಬ್ಸಿಡಿ ಅಂತ ಕೊಟ್ಟು ಹಳೇ ಮಗ್ಗಗಳನ್ನ ಎಷ್ಟು ದಿನ ಉಸಿರಾಡಿಸೋದು?

ಇಳಕಲ್_ತೆನಿ
ಯಪ್ಪಾ, ನಾ ಒಂದು ಮಾತು ಹೇಳ್ತೀನಿ, ದೊಡ್ಡಬಳ್ಳಾಪುರದ ಅಣ್ಣಾರು ಬ್ಯಾಸರಾ ಮಾಡ್ಕೋಬ್ಯಾಡ್ರಿ. ನೀವು ಸೂರತ್ತಿನ ಬಗ್ಗೆ ಈಗ ಏನು ಅನ್ನಾಕತ್ತೀರಿ, ನಾವು ಕೈಮಗ್ಗದವರು ನಿಮ್ಮ ಪವರ್‌ಲೂಮಿನ ಬಗ್ಗೆ ಅದನ್ನ ಅಂದೇವಿ, ನಲವತ್ತು ವರ್ಷದ ಹಿಂದ. ಹತ್ತಿ, ರೇಷ್ಮಿ ದಡಿ ಸೀರಿ ಕೈಮಗ್ಗಕ್ಕ ಮೀಸಲು ಅಂತ 1985ರಾಗ ಕಾಯ್ದೆನ ಮಾಡಿದ್ರು. 22 ನಮೂನಿ ಇದ್ದದ್ದು 11ಕ್ಕ ಇಳೀತು. ಮಿಲ್ಲಿನವರು, ಪವರ್‌ಲೂಮಿನವರು ಕೋರ್ಟಿಗೆ ಹೋದ್ರು, 1993ರಾಗ ಸುಪ್ರೀಂ ಕೋರ್ಟು ಕಾಯ್ದೆ ಸರಿ ಐತಿ ಅಂತು. ಸರಿ ಐತಿ ಅಂದ್ರೂ ತಪಾಸ ಮಾಡವರು ಯಾರು? ಪವರ್‌ಲೂಮಿನ ಇಳಕಲ್ ಸೀರಿ ನಮ್ಮ ಸಂತ್ಯಾಗ ನಮ್ಮ ಮುಂದ ಮಾರ್ತಾರ.

ನಮ್ಮನಿ ಮಗ್ಗ ಇನ್ನೂ ನಡದೈತಿ ಅಂದ್ರ ಅದಕ್ಕ ಕಾರಣ ಕೊಂಡಿ. ಮೈ ಹಾಸಿಗೆ ಸೆರಗಿನ ಹಾಸಿನ ಎಳಿ ಒಂದೊಂದ ಸಿಗಿಸಿ ಜೋಡಸಬೇಕು. ತ್ವಾಪ ತೆನಿ ಸೆರಗು ಬೇಕಂದವರು ಅದನ್ನ ಬೇಕಂತಾರ. ಆದ್ರ ಅದಕ್ಕ ಕೂತ ಹುಡುಗರು ಎಷ್ಟ ಮಂದಿ? ನನ್ನ ಮಗ ಹುಬ್ಬಳ್ಳ್ಯಾಗ ಬೈಕ್ ಮ್ಯಾಲ ಊಟ ಹಂಚತಾನ.

ಮಗ್ಗದ_ಮನೆ
ಬೇಸರ ಯಾಕೆ ಮಾಡ್ಕೊಳ್ಳಲಿ ಅಣ್ಣ. ನಮ್ಮ ತಂದೆಯೂ ಕೈಮಗ್ಗದಲ್ಲೇ ಶುರು ಮಾಡಿದ್ದು. ಮೋಟಾರ್ ಬಂದಾಗ ಪಕ್ಕದ ಬೀದಿಯ ಕೈಮಗ್ಗದವರು ನಿಂತು ಹೋದ್ರು, ನಾವು ಉಳಿದ್ವಿ. ಆಗ ಅದನ್ನ ಅಭಿವೃದ್ಧಿ ಅಂದ್ವಿ.

ರೀಲಿಂಗ್_ರಾಮನಗರ
ನೂಲಿನ ಕಡೆಯಿಂದ ಒಂದು ಮಾತು. ನಮ್ಮದು ರೇಷ್ಮೆ ಬಿಚ್ಚೋ ಕಸುಬು. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕ 30ರಿಂದ 5%ಗೆ ಇಳಿಸಿದ್ರು. ಚೀನಾ ನೂಲು ಬಂತು, ಗೂಡಿನ ರೇಟು ಬಿತ್ತು, ರೈತರು ರಸ್ತೆಗಿಳಿದ್ರು. 2013ರಲ್ಲಿ ಮತ್ತೆ 15% ಮಾಡಿದ್ರು. ಅಷ್ಟರೊಳಗೆ ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಹಾಕಿದವರು ಹಾಕಿದ್ರು. ದಿಲ್ಲಿಯಲ್ಲಿ ಒಂದು ಸಂಖ್ಯೆ ಬದಲಾಯಿಸಿದ್ರೆ ಇಲ್ಲಿ ತೋಟದ ಬೇರೇ ಹೋಗುತ್ತೆ.

ಕಸೂತಿ_ಕಾಕಾ
@ರೀಲಿಂಗ್_ರಾಮನಗರ ಆದ್ರ ಸುಂಕ ಇಳಿಸ್ರಿ ಅಂತ ಕೇಳಿದವರು ರೇಷ್ಮಿ ನೇಕಾರರೂ ಇದ್ರು. ನೂಲು ತುಟ್ಟಿ ಆದ್ರ ಅವರು ಸಾಯ್ತಾರ, ಅಗ್ಗ ಆದ್ರ ನಿಮ್ಮ ರೈತ. ಸರ್ಕಾರ ಯಾರ ಪರ ನಿಲ್ಲಬೇಕು ಹೇಳ್ರಿ?

ರೀಲಿಂಗ್_ರಾಮನಗರ
ನಿಲ್ಲೋದು ಯಾರ ಪರವಾದ್ರೂ ಸರಿ, ಒಂದೇ ಏಟಿಗೆ 25 ಪಾಯಿಂಟ್ ಇಳಿಸಬಾರದು. ಮೂರು ವರ್ಷಕ್ಕೆ ಹಂಚಿ ಇಳಿಸಿದ್ರೆ ನಾವೂ ಒಂದು ದಾರಿ ನೋಡ್ಕೋತಿದ್ವಿ.

ಕನಕಪುರ_ಕೆಂಪ
ಅದೇ 2011ರಲ್ಲಿ ಭಾಗ್ಯಲಕ್ಷ್ಮಿ ಯೋಜನೆ ಸೀರೆನ ಸೂರತ್‌ನಿಂದ ತರಿಸಿದ್ದಾರೆ ಅಂತ ದೊಡ್ಡ ಗಲಾಟೆ ಆಗಿತ್ತು, ನೆನಪಿದೆಯಾ? ಈ ರಾಜಕಾರಣಿಗಳೆಲ್ಲ

ನಿರ್ವಾಹಕ
ಪಕ್ಷ ಜಗಳ ಬೇಡ. ಮೇಲಿನ ಪೋಸ್ಟಿನ ಉಳಿದ ಭಾಗ ತೆಗೆದಿದ್ದೇನೆ.

ಹೊಲಿಗೆ_ಅಕ್ಕ
ನಾನು ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎಲ್ಲರೂ ಮಗ್ಗ ಉಳಿಸ್ಬೇಕು ಅಂತೀರಿ, ಯಜಮಾನ್ರ ಮನೆಯವರು ದಿನಕ್ಕೆ ಎಷ್ಟು ಗಂಟೆ ನಿಂತಿರ್ತಾರೆ, ಅವರ ಹೆಸರಿಗೆ ಏನಿದೆ ಅಂತ ಒಬ್ಬರೂ ಕೇಳಲಿಲ್ಲ. ನಮ್ಮಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್, ಬಾತ್‌ರೂಮಿಗೆ ಹೋದ್ರೂ ಸೂಪರ್‌ವೈಸರ್ ಕಣ್ಣು. ಆದ್ರೂ ತಿಂಗಳ ಏಳಕ್ಕೆ ಸಂಬಳ ನನ್ನ ಖಾತೆಗೆ ಬೀಳುತ್ತೆ, ಪಿಎಫ್ ಇದೆ, ಇಎಸ್ಐ ಇದೆ. ನನ್ನ ಗರ್ಭಕೋಶದ ಆಪರೇಷನ್ ಇಎಸ್ಐನಲ್ಲೇ ಆಗಿದ್ದು. ಮಗ್ಗದ ಮನೆಯಲ್ಲಿ ಹೆಂಗಸರ ದುಡಿಮೆಗೆ ಕೂಲಿನೂ ಇಲ್ಲ, ರಜಾನೂ ಇಲ್ಲ.

ಆ ಪಿಎಫ್ ಕೂಡ ಸುಮ್ನೆ ಉಳೀಲಿಲ್ಲ. 2016ರ ಫೆಬ್ರವರಿಯಲ್ಲಿ ಕಂಪನಿ ಪಾಲು 58 ವರ್ಷ ಆಗೋ ತನಕ ತೆಗೆಯಂಗಿಲ್ಲ ಅಂತ ನಿಯಮ ತಂದ್ರು. ನಮ್ಮ ಕೆಲಸದಲ್ಲಿ 58ರ ತನಕ ಯಾರಿಗೆ ಕಣ್ಣು ಸೊಂಟ ಉಳಿದಿರುತ್ತೆ? ಏಪ್ರಿಲ್‌ನಲ್ಲಿ ಯಾವ ಲೀಡರ್ರೂ ಇಲ್ದೆ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲಾ ತುಂಬಿದ್ರು. ಎರಡನೇ ದಿನ ಸಂಜೆಗೆ ದಿಲ್ಲಿಯವರು ನಿಯಮ ವಾಪಸ್ ತಗೊಂಡ್ರು. ಲಾಠಿ ಏಟು ತಿಂದವರೂ ಇದ್ರು.

ಕೋಡ್_ಕೆಂಚ
@ಹೊಲಿಗೆ_ಅಕ್ಕ ಆ ದಿನ ನಾನು ಎಲೆಕ್ಟ್ರಾನಿಕ್ ಸಿಟಿ ಬಸ್‌ನಲ್ಲಿ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡಿದ್ದೆ, ಬೈಕೊಂಡೂ ಇದ್ದೆ. ನಮ್ಮ ಪಿಎಫ್‌ಗೂ ಅದೇ ನಿಯಮ ಬರ್ತಿತ್ತು ಅಂತ ಆಫೀಸಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚಿಕ್ಕಪೇಟೆ_ಚೌಕ
ಕೆಂಚಣ್ಣ, 2025ರ ಜುಲೈನಲ್ಲಿ ಟಿಸಿಎಸ್ ಒಂದೇ ಸುಮಾರು 12 ಸಾವಿರ ಜನರನ್ನ ಕಡಿಮೆ ಮಾಡ್ತೀವಿ ಅಂತು. ಆಗ ನಿಮ್ಮವರಿಗೂ "ಕಾಲಕ್ಕೆ ತಕ್ಕಂತೆ ಬದಲಾಗಿ" ಅಂತ ಹೇಳಿದ್ರಾ?

ಕೋಡ್_ಕೆಂಚ
ಹೇಳಿದ್ರು. ಅದೇ ಮಾತು, ಇಂಗ್ಲಿಷಲ್ಲಿ.

ಲೆಕ್ಕದ_ಶೆಟ್ಟರು
ಹೊಲಿಗೆ ಅಕ್ಕನವರ ಮಾತಿಗೆ ಸೇರಿಸುತ್ತೇನೆ. ಇಎಸ್ಐಗೆ ಹತ್ತು ಜನ, ಪಿಎಫ್‌ಗೆ ಇಪ್ಪತ್ತು ಜನ ಕೆಲಸಗಾರರಿರಬೇಕು, ಹಾಗಾಗಿ ಮನೆ ಮಗ್ಗ ಎರಡಕ್ಕೂ ಬರುವುದಿಲ್ಲ. ತಿಂಗಳಿಗೆ 3000 ಪಿಂಚಣಿಯ ಶ್ರಮಯೋಗಿ ಮಾನಧನ್ ಇದೆ, ಆದರೆ ಸೇರಲು ವಯಸ್ಸು 18ರಿಂದ 40. ಯಜಮಾನರಿಗೆ 47, ಅದೂ ತಪ್ಪಿತು. ಉಳಿದದ್ದು ಎರಡು ವಿಮೆ: ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ, 20 ರೂಪಾಯಿಯ ಸುರಕ್ಷಾ. ಜೀವನ ಜ್ಯೋತಿಗೆ 50 ತುಂಬುವುದರೊಳಗೆ ಸೇರಬೇಕು, ಇಬ್ಬರ ಹೆಸರಲ್ಲೂ ಈ ವಾರವೇ ಮಾಡಿಸಿ. ಮನೆಯ ಮೇಲೆ ಸಾಲ ಮಾಡುವುದಾದರೆ ಅದರ ಜೊತೆ ಬೇರೆ ಟರ್ಮ್ ಪಾಲಿಸಿಯೂ ಬೇಕೇ ಬೇಕು.

ಮುಕ್ತ_ಮಾರುಕಟ್ಟೆ
ದೇವನಹಳ್ಳಿ ಹತ್ತಿರ ಐಫೋನ್ ಕಾರ್ಖಾನೆ ಬಂದಿದೆ, ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ. ಮಗಳು ಡಿಪ್ಲೊಮಾ ಅಂತೀರಿ. ಸಮಸ್ಯೆ ಅಲ್ಲೇ ಬಗೆಹರೀತಲ್ಲ.

ಹೊಲಿಗೆ_ಅಕ್ಕ
ಹುಡುಗೀರಿಗೆ ಕೊಡ್ತಾರೆ ಸರ್, 47 ವರ್ಷದ ಗಂಡಸಿಗೆ ಕೊಡಲ್ಲ. ಹುಡುಗೀರನ್ನೂ ಗುತ್ತಿಗೆ ಮೇಲೆ ತಗೊಂಡ್ರೆ ಎಷ್ಟು ವರ್ಷ ಅಂತ ಕೇಳ್ಕೊಳ್ಳಿ. 2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಜಾರಿ ಆದ ಮೇಲೆ ನಿಗದಿತ ಅವಧಿಗೆ ತಗೊಂಡವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅಂತಾರೆ, ಆರ್ಡರ್ ಕಾಪಿಯಲ್ಲಿ ಏನು ಬರೆದಿದೆ ನೋಡಿ ಸಹಿ ಹಾಕೋಕೆ ಹೇಳಿ.

ಸೂರತ್_ಕನ್ನಡಿಗ
ಕರೆಂಟಿನ ಲೆಕ್ಕ ಯಾರೂ ಹೇಳಿಲ್ಲ. ನಮ್ಮ ರಾಜ್ಯದಲ್ಲಿ 10 ಎಚ್‌ಪಿ ಒಳಗಿನ ಮಗ್ಗದವರಿಗೆ ಉಚಿತ, ಅದರ ಮೇಲೆ 20 ಎಚ್‌ಪಿ ತನಕ ಯೂನಿಟ್‌ಗೆ 1.25 ರೂಪಾಯಿ, ಅಲ್ವಾ? ನಿಮ್ಮ ಹಳೇ ಮಗ್ಗ ಒಂದಕ್ಕೆ ಹೆಚ್ಚೆಂದ್ರೆ ಒಂದು ಎಚ್‌ಪಿ, ಆರು ಸೇರಿ ಆರು. ರೇಪಿಯರ್, ಡಿಸೈನ್ ಎಬ್ಬಿಸೋ ಜಕಾರ್ಡ್ ಸಮೇತ, ಮೂರರಿಂದ ಐದು ಎಚ್‌ಪಿ ಕೇಳುತ್ತೆ, ಮಾಡೆಲ್ ಮೇಲೆ. ಎರಡಕ್ಕೆ ನಿಲ್ಲಿಸಿದ್ರೆ ಹತ್ತರೊಳಗೆ ಹೇಗೋ ಬರುತ್ತೆ. ತೀರಾ ಸಣ್ಣ ಮಾಡೆಲ್ ಅಲ್ಲದಿದ್ರೆ, ಮೂರನೆಯದು ಹಾಕಿದ ದಿನ ಬಿಲ್ ಶುರು. ಎರಡರಲ್ಲಿ ಕಂತು ಹುಟ್ಟಲ್ಲ, ಮೂರು ಹಾಕಿದ್ರೆ ಉಚಿತ ಹೋಗುತ್ತೆ. ಸಾವ್ಕಾರ್ರು "ಎರಡು" ಅಂದಿದ್ದು ಇದೇ ಲೆಕ್ಕ ಇಟ್ಕೊಂಡು ಇರಬಹುದು.

ಮಗ್ಗದ_ಮನೆ
ಇದು ನನ್ನ ತಲೆಗೇ ಹೊಳೆದಿರಲಿಲ್ಲ. ನಮ್ಮ ಬೀದಿಯಲ್ಲಿ ನಾಲ್ಕು ಮನೆಯವರು ಸೇರಿ ಒಂದು ಶೆಡ್ ಬಾಡಿಗೆಗೆ ಹಿಡಿದು ಒಟ್ಟಿಗೆ ಹಾಕೋ ಮಾತು ಬಂದಿತ್ತು. ಹಾಗೆ ಮಾಡಿದ್ರೂ 20 ದಾಟಿಬಿಡುತ್ತೆ.

ಬನಹಟ್ಟಿ_ಹುಡುಗ
ನಾಕ ಮಂದಿ ಕೂಡಿದ್ರ ಕರೆಂಟ ತುಟ್ಟಿ ಆಗ್ತೈತಿ, ಖರೆ. ಆದ್ರ ನೂಲು ನೀವ ಒಟ್ಟಿಗೆ ಖರೀದಿ ಮಾಡಬಹುದು, ಸಾವ್ಕಾರನ ಮುಂದ ಕುಂತು ಮಾತಾಡಬಹುದು. ಒಬ್ಬನ ಕಾರ್ಡ್ ಬೀರುವಿನ್ಯಾಗ ಇರ್ತೈತಿ, ನಾಲ್ಕು ಮಂದಿ ಕಾರ್ಡ್ ಟೇಬಲ್ ಮ್ಯಾಲ ಇಟ್ರ ಬ್ಯಾರೆ. ಆದ್ರ ಪಾಲುಗಾರರು ಅಣ್ಣತಮ್ಮ ಆಗಿರಬಾರದು ನೋಡ್ರಿ, ವರ್ಷದಾಗ ಕೋರ್ಟ್ ಮೆಟ್ಟಿಲು ಹತ್ತತೀರಿ.

ಇಳಕಲ್_ತೆನಿ
😂 ಇದು ಮಾತ್ರ ಅನುಭವದ ಮಾತು.

ಮುಕ್ತ_ಮಾರುಕಟ್ಟೆ
ಅಂದ್ರೆ ಉಚಿತ ಕರೆಂಟೇ ನಿಮ್ಮನ್ನ ಚಿಕ್ಕವರಾಗಿ ಇಟ್ಟಿದೆ. ನಾನು ಮೇಲೆ ಅದನ್ನೇ ಹೇಳಿದ್ದು.

ರೀಲಿಂಗ್_ರಾಮನಗರ
@ಮುಕ್ತ_ಮಾರುಕಟ್ಟೆ ತೆಗೆದುಬಿಟ್ರೆ ದೊಡ್ಡವರಾಗಲ್ಲ ಸ್ವಾಮಿ, ಮುಂದಿನ ತಿಂಗಳೇ ಮಗ್ಗ ನಿಲ್ಲುತ್ತೆ. ಕೂಡಿ ಹಾಕೋರಿಗೆ ತಲೆಗೆ ಇಷ್ಟು ಎಚ್‌ಪಿ ಅಂತ ಲೆಕ್ಕ ಇಟ್ರೆ ಆಯ್ತು. ಅದನ್ನ ಕೇಳೋದು ಬಿಟ್ಟು ಇಡೀ ಸೌಲಭ್ಯವನ್ನೇ ಬೈಯೋದು ಯಾಕೆ?

ಮಗ್ಗದ_ಮನೆ
ಸಾವ್ಕಾರ್ರಿಗೆ ಫೋನ್ ಮಾಡಿ ಶೆಟ್ರು ಹೇಳಿದ ಹಾಗೆ ಕಾಗದ ಕೇಳಿದೆ. "ನಮ್ಮಿಬ್ಬರ ಮಧ್ಯೆ ಕಾಗದ ಯಾಕಪ್ಪಾ, ನಿಮ್ಮ ತಂದೆ ಕಾಲದಿಂದ ನಂಬಿಕೆ ಮೇಲೆ ನಡ್ಕೊಂಡು ಬಂದಿಲ್ವಾ" ಅಂದ್ರು. ಬ್ಯಾಂಕಿನವರಿಗೆ ಸದ್ಯಕ್ಕೆ ಬೇಡ ಅಂದಿದೀನಿ. ನಿಂತಿರೋ ಎರಡು ಮಗ್ಗ ಕೊಟ್ಟುಬಿಡ್ತೀನಿ, ಗುಜರಿಯವನು ಕೆಜಿ ಲೆಕ್ಕದಲ್ಲಿ ಕೇಳ್ತಿದಾನೆ. ಬೇರೆ ಯಾರಿಗಾದ್ರೂ ಬಿಡಿಭಾಗಕ್ಕೆ ಬೇಕಿದ್ರೆ ಹೇಳಿ, ಜಕಾರ್ಡ್ ಚೆನ್ನಾಗಿದೆ.

ಕಸೂತಿ_ಕಾಕಾ
ಜಕಾರ್ಡ್ ಎಷ್ಟು ಹುಕ್ಕಿಂದು? ಬೆಳಗಾವಿ ಖಾಸಬಾಗದಾಗ ನಮ್ಮ ದೋಸ್ತ ಒಬ್ಬಾಂವ ಹುಡಕಾಕತ್ತಾನ.

ಮಗ್ಗದ_ಮನೆ
240 ಹುಕ್ಕು, ಎರಡೂ. ಕಾರ್ಡ್ ಸೆಟ್ ಕೂಡ ಇದೆ. ನಿಮ್ಮ ದೋಸ್ತರಿಗೆ ಇಲ್ಲೇ ಮೆಸೇಜ್ ಮಾಡೋಕೆ ಹೇಳಿ, ಗುಜರಿಯವನು ಭಾನುವಾರ ಬರ್ತಾನೆ.